ರಾಗಿಯ ನೂರಿಪ್ಪತ್ತು ಕೋಟಿ ಅಕ್ಷರಗಳು

(ನಮ್ಮ ಕನ್ನಡ ಕೂಟದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ಕೂತವರಲ್ಲಿ ಮುಕ್ಕಾಲು ಮಂದಿ ಸಾಫ್ಟ್‌ವೇರ್‌ನವರು. ಹಾಗಾಗಿ ನಿಮಗೆ ಗೊತ್ತಿರುವ ದಾರಿಯಲ್ಲೇ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ತಂಡ ರಾಗಿಯ ಎಂ.ಎಲ್.-365 ತಳಿಯ ಜೀನೋಮನ್ನು ಓದಿ 2017ರಲ್ಲಿ ಪ್ರಕಟಿಸಿತು. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ, ಸುಮಾರು 120 ಕೋಟಿ ಅಕ್ಷರ ಉದ್ದದ ಬರಹ ಅದು. ಮಳೆ ಕೈಕೊಟ್ಟರೂ ರಾಗಿ ತಾಳಿಕೊಳ್ಳುವ ಗುಟ್ಟು ಅದರೊಳಗೆಲ್ಲೋ ಇದೆ. ಹುಡುಕುವುದು ಹೇಗೆ?

ಇಡುವ ಕ್ರಮ ಸರಳ. ಫಾಸ್ಟಾ ಎಂಬ ಮಾದರಿಯ ಫೈಲಿನಲ್ಲಿ ಮೊದಲ ಸಾಲು ಹೆಸರು, ಆಮೇಲೆ ಬರೀ ಅಕ್ಷರ. ನೋಟ್‌ಪ್ಯಾಡಿನಲ್ಲೂ ತೆರೆಯಬಹುದು. ಇಂಥ ಅಕ್ಷರಗಳ ದೊಡ್ಡ ಕಣಜವೇ 1982ರಲ್ಲಿ ಅಮೆರಿಕದಲ್ಲಿ ಶುರುವಾದ ಜೆನ್‌ಬ್ಯಾಂಕ್. ಯುರೋಪ್ ಮತ್ತು ಜಪಾನಿನ ಕಣಜಗಳೊಡನೆ ಅದು ಪ್ರತಿದಿನ ಮಾಹಿತಿ ಹಂಚಿಕೊಳ್ಳುತ್ತದೆ. ಒಂದು ಕಡೆ ಸುರಿದ ಕಾಳು ಮೂರೂ ಕಡೆ ಸಿಗುತ್ತದೆ.

ಹುಡುಕಲು ಬ್ಲಾಸ್ಟ್ ಇದೆ. 1981ರ ಸ್ಮಿತ್-ವಾಟರ್‌ಮನ್ ವಿಧಾನ ಪ್ರತಿ ಅಕ್ಷರವನ್ನೂ ಪ್ರತಿ ಅಕ್ಷರದೊಂದಿಗೆ ಹೋಲಿಸಿ ನೋಡುತ್ತದೆ. ನಿಖರ, ಆದರೆ ನಿಧಾನ. 1990ರಲ್ಲಿ ಬಂದ ಬ್ಲಾಸ್ಟ್ ನಮ್ಮ ತುಣುಕನ್ನು ಚಿಕ್ಕ ಚಿಕ್ಕ ಪದಗಳಾಗಿ ಒಡೆಯುತ್ತದೆ. ಕಣಜದಲ್ಲಿ ಆ ಪದ ಸಿಕ್ಕ ಕಡೆ ಮಾತ್ರ ನಿಂತು, ಎಡಕ್ಕೂ ಬಲಕ್ಕೂ ಹೋಲಿಕೆಯನ್ನು ಬೆಳೆಸುತ್ತಾ ಹೋಗುತ್ತದೆ. ಭತ್ತದ ಬೇರನ್ನು ಆಳಕ್ಕಿಳಿಸಿ ಬರ ತಾಳಿಸುವ ಡಿ.ಆರ್.ಓ.1 ಎಂಬ ಜೀನ್ ಇದೆ. ಅದನ್ನು ಕೊಟ್ಟು, ರಾಗಿಯಲ್ಲಿ ಇದರ ನೆಂಟರು ಯಾರಿದ್ದಾರೆ ಎಂದು ಕೇಳಬಹುದು. ಬರೀ ಆಕಸ್ಮಿಕವಾಗಿ ಇಂಥ ಹೋಲಿಕೆ ಎಷ್ಟು ಸಲ ಸಿಕ್ಕೀತು ಎಂಬ ಅಂದಾಜೇ ಇ-ವ್ಯಾಲ್ಯೂ. ಅದು ಕಡಿಮೆಯಾದಷ್ಟೂ ನಂಬಿಕೆ ಹೆಚ್ಚು.

ಒಂದು ಎಚ್ಚರಿಕೆ. ರೂಪ ಹೋಲಿತೆಂದ ಮಾತ್ರಕ್ಕೆ ಕೆಲಸವೂ ಒಂದೇ ಎಂದಲ್ಲ. ಕಣಜದಲ್ಲಿ ಯಾರೋ ಜೀನಿಗೆ ತಪ್ಪು ಕೆಲಸ ಬರೆದಿಟ್ಟರೆ, ಅದನ್ನೇ ನೋಡಿ ಮುಂದಿನವರೂ ಬರೆಯುತ್ತಾರೆ. ತಪ್ಪು ಹಬ್ಬುವುದು ಹೀಗೆ. ಕೊನೆಯ ಮಾತು ಪ್ರಯೋಗಾಲಯದ್ದು, ಹೊಲದ್ದು.

ಇದಿಷ್ಟೂ ಪುಕ್ಕಟೆ. ಲೈಸೆನ್ಸ್ ಬೇಡ. ನಮ್ಮೂರಿನ ಡಿಗ್ರಿ ಕಾಲೇಜಿನ ಹುಡುಗಿಗೂ ಹಾರ್ವರ್ಡಿನ ಪ್ರೊಫೆಸರಿಗೂ ಒಂದೇ ಬಾಗಿಲು. ಆ ಬಾಗಿಲು ಇದೆಯೆಂದು ಅವಳಿಗೆ ಹೇಳುವವರು ಬೇಕು, ಪಕ್ಕದಲ್ಲಿ ಕೂತು ಕನ್ನಡದಲ್ಲಿ ತೋರಿಸುವವರು ಬೇಕು. ಜೀವಶಾಸ್ತ್ರ ಓದುವ ಎಷ್ಟೋ ಮಕ್ಕಳಿಗೆ ಕಮಾಂಡ್ ಲೈನ್ ಎಂದರೆ ಅಂಜಿಕೆ. ನಮಗೆ ಅದು ದಿನನಿತ್ಯದ ಅನ್ನ.

ಮುಂದಿನ ಸಲ ರಜೆಗೆ ಊರಿಗೆ ಹೋದಾಗ ನೀವು ಓದಿದ ಕಾಲೇಜಿಗೆ ಒಂದು ದಿನ ಕೊಡಿ. ಜೀವಶಾಸ್ತ್ರದ ಮೇಷ್ಟ್ರು ಜೊತೆಗಿರಲಿ. ರಾಗಿಯ ಒಂದೇ ಒಂದು ಜೀನನ್ನು ಮಕ್ಕಳ ಕೈಯಿಂದಲೇ ಹುಡುಕಿಸಿ. ರಾಗಿ ಬೆಳೆಯುವ ಮನೆಯ ಮಕ್ಕಳೇ ರಾಗಿಯ ಅಕ್ಷರ ಓದುವಂತಾಗಲಿ.