ಯುದ್ಧಕಾಲದಲ್ಲಿ ಪೂರ್ವಿಕರ ನಿಧಿಗಳ ರಕ್ಷಣೆ

 

ಯುದ್ಧವೆಂಬುದು ದೂರದೇಶದ ಸುದ್ದಿಯೆಂದು ಹಲಗೂರು ಸೀಮೆಯವರು ತಿಳಿಯುವಂತಿಲ್ಲ. ನಮ್ಮ ನೆರೆಯ ಮಳವಳ್ಳಿಯಲ್ಲಿಯೇ 1799ನೆಯ ಮಾರ್ಚ್ 27ರಂದು ಟೀಪೂ ಸುಲ್ತಾನನ ದಂಡಿಗೂ ಇಂಗ್ಲಿಷರ ದಂಡಿಗೂ ಕಾಳಗವಾಯಿತು. ನಲವತ್ತು ದಿನ ತುಂಬುವುದರೊಳಗೆ, ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಪಟ್ಟಣವು ಸೂರೆಯಾಯಿತು. ಅರಮನೆಯ ಪುಸ್ತಕಭಂಡಾರದ ಸುಮಾರು 2000 ಸಂಪುಟಗಳು ಗೆದ್ದವರ ಕೈಸೇರಿ, ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋದುವು. ಅಲ್ಲಿ ಏನೇನಿದ್ದಿತೆಂಬುದು ಇಂದು ತಿಳಿಯುವುದು 1809ರಲ್ಲಿ ಸ್ಟುವರ್ಟ್ ಎಂಬಾತನು ಅಚ್ಚುಹಾಕಿಸಿದ ಪಟ್ಟಿಯಿಂದ.

ಆ ಕೊಳ್ಳೆಯಲ್ಲಿ ಮರದ ಹುಲಿಯೊಂದಿದ್ದಿತು. ಪರಂಗಿಯವನ ಮೇಲೆರಗಿದ ಹುಲಿ. ಹಿಡಿಯನ್ನು ತಿರುಗಿಸಿದರೆ ಅದು ಗರ್ಜಿಸುವುದು, ಕೆಳಗಿನವನು ನರಳುವನು. ಅದೀಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಬಾಂಬಿನಿಂದ ಚಾವಣಿ ಕುಸಿದು ಹುಲಿಯು ನೂರಾರು ಚೂರಾಯಿತು. ಚೂರುಗಳನ್ನು ಆಯ್ದು ಕೂಡಿಸಿ, 1947ರ ಹೊತ್ತಿಗೆ ಅದನ್ನು ಮರಳಿ ನಿಲ್ಲಿಸಿದರು. ಅದೇ ನಗರದ ರಾಷ್ಟ್ರೀಯ ಚಿತ್ರಶಾಲೆಯವರು 1941ರಲ್ಲಿ ತಮ್ಮ ಚಿತ್ರಪಟಗಳನ್ನು ವೇಲ್ಸ್ ಸೀಮೆಯ ಬೆಟ್ಟದೊಳಗಣ ಕಲ್ಲುಗಣಿಗೆ ಸಾಗಿಸಿ ಉಳಿಸಿಕೊಂಡರು. ಕೊಂಡೊಯ್ದವರ ಮೇಲಣ ನಮ್ಮ ಬೇಸರವು ಬೇರೆ. ಕಾಪಾಡುವ ಜಾಣ್ಮೆಯನ್ನು ಯಾರಿಂದಲಾದರೂ ಕಲಿಯಬಹುದು.

1954ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಕೂಡಿ, ಯುದ್ಧದಲ್ಲಿ ಇಂತಹ ನಿಧಿಗಳಿಗೆ ಕೇಡು ಮಾಡಕೂಡದೆಂದು ಒಡಂಬಡಿಕೆ ಮಾಡಿಕೊಂಡುವು. ನಮ್ಮ ದೇಶವೂ 1958ರಲ್ಲಿ ಅದಕ್ಕೆ ಸೇರಿತು. ಶಾಂತಿಯ ಕಾಲದಲ್ಲಿಯೇ ರಕ್ಷಣೆಯ ಸಿದ್ಧತೆ ನಡೆಯಬೇಕೆಂಬುದು ಅದರ ವಿಧಿಗಳಲ್ಲೊಂದು. ಬರೆದ ಮಾತು ಬಾಂಬನ್ನು ತಡೆಯಲಾರದೆಂಬುದನ್ನು ಬಲ್ಲವರೇ ಈ ವಿಧಿಯನ್ನು ಸೇರಿಸಿರಬೇಕು!

ಇದು ನಮಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ವಧೆಯ ತರುವಾಯ ಕಲ್ಯಾಣದಲ್ಲಿ ಕೋಲಾಹಲವೆದ್ದಾಗ, ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರೆಂದು ನಮ್ಮ ಪರಂಪರೆಯು ಹೇಳುತ್ತದೆ. ಬೆನ್ನಹಿಂದೆ ಕತ್ತಿಯಿರುವಾಗ ಹೊನ್ನನ್ನು ಬಿಟ್ಟು ಓಲೆಯನ್ನು ಹೊತ್ತವರ ವಿವೇಕವನ್ನು ಏನೆಂದು ಹೇಳೋಣ! ಮುಂದೆ ಮಠಮಠಗಳಲ್ಲಿ, ಮನೆಮನೆಗಳಲ್ಲಿ ಪ್ರತಿಗಳಾದುವು. ಒಂದೆಡೆ ಬೆಂಕಿ ಬಿದ್ದರೆ ಇನ್ನೊಂದೆಡೆ ಉಳಿಯಿತು. ಹಾಗೆ ಉಳಿದ ಪ್ರತಿಗಳನ್ನು ಹುಡುಕಿ ಕೂಡಿಹಾಕಿದ್ದರಿಂದಲೇ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಅಚ್ಚಿಗೆ ತರುವುದು ಸಾಧ್ಯವಾಯಿತು.

ಭಕ್ತರೇ, ತಮ್ಮ ಮನೆಯ ಅಟ್ಟದಲ್ಲಿ ಓಲೆಯ ಕಟ್ಟಿದ್ದರೆ, ವರ್ಷಕ್ಕೊಮ್ಮೆ ಕುಂಕುಮವಿಟ್ಟು ಬಿಚ್ಚದೆಯೇ ಮತ್ತೆ ಅಟ್ಟಕ್ಕೇರಿಸಬೇಡಿರಿ. ಅಂತಹ ಪೂಜೆಯಿಂದ ಹುಳುವಿಗೆ ಮಾತ್ರ ಪ್ರಸಾದ. ಬಿಚ್ಚಿ ಧೂಳು ಕೊಡವಿ, ಗರಿಗಳನ್ನು ಎಣಿಸಿ, ಹೆಸರನ್ನು ಪಟ್ಟಿಯಲ್ಲಿ ಬರೆಯಿಸಿ, ಹೊಸ ಬಟ್ಟೆಯಲ್ಲಿ ಸುತ್ತಿಡಿರಿ. ಪ್ರತಿಯೊಂದನ್ನು ತೆಗೆಯಿಸಿ ಬೇರೆ ಊರಿನಲ್ಲಿರಿಸಿರಿ. ಹಳೆಯ ಅಕ್ಷರವನ್ನು ಓದಬಲ್ಲ ಹಿರಿಯರು ನಮ್ಮೊಡನಿರುವಾಗಲೇ ಇದಾಗಬೇಕು.