ತೊಟ್ಟಿಲಿಗೂ ಸೂತಕವಿಲ್ಲ, ಸಮಾಧಿಗೂ ಸೂತಕವಿಲ್ಲ



ಇಂದಿನ ಪ್ರವಚನಕ್ಕೆ ಸಂಸಾರವನ್ನೇ ವಿಷಯವಾಗಿ ಇಟ್ಟುಕೊಂಡಿದ್ದೇವೆ. ಸಂಸಾರ ಮಾಡದ ಸ್ವಾಮಿಗಳು ಸಂಸಾರದ ಮಾತು ಹೇಳುವುದೇನು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಮಠವೆಂದರೆ ಊರ ಸಂಸಾರಗಳೆಲ್ಲ ಬಂದು ಸೇರುವ ಜಾಗ. ಹೊಟ್ಟೆಯಲ್ಲಿ ಕೂಸು ನಿಂತಿತೆಂದರೆ ಮೊದಲು ಮಠಕ್ಕೆ ಬಂದು ವಿಭೂತಿ ಹಚ್ಚಿಸಿಕೊಳ್ಳುತ್ತೀರಿ. ಮನೆಯಲ್ಲಿ ಹಿರಿಯರು ಲಿಂಗೈಕ್ಯರಾದರೆಂದರೆ ನಡುರಾತ್ರಿಯಲ್ಲಿಯೂ ಮಠದ ಬಾಗಿಲು ತಟ್ಟುತ್ತೀರಿ. ಬಳ್ಳಾರಿಯ ಪೇಟೆಯವರು, ಸಿರುಗುಪ್ಪದ ಹೊಳೆದಂಡೆಯ ರೈತರು, ಕುರುಗೋಡಿನ ದೊಡ್ಡಬಸವೇಶ್ವರನ ಭಕ್ತರು, ಎಲ್ಲರೂ ಈ ಎರಡು ಹೊತ್ತಿನಲ್ಲಿ ನಮ್ಮ ಮುಂದೆ ಒಂದೇ ಆಗಿ ಕಾಣುತ್ತಾರೆ. ಕೂಸನ್ನು ತಂದವರ ಕೈಯೂ ನಡುಗುತ್ತದೆ, ಹೆಣವನ್ನು ಬಿಟ್ಟು ಬಂದವರ ಕೈಯೂ ನಡುಗುತ್ತದೆ. ಇಷ್ಟು ವರ್ಷ ಆ ಕೈಗಳನ್ನು ನೋಡಿದ್ದರಿಂದ ನಮಗೆ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಬಸುರಿಯ ಮಾತು. ನಮ್ಮ ಧರ್ಮದಲ್ಲಿ ಗರ್ಭಕ್ಕೆ ಎಷ್ಟು ಗೌರವವಿದೆಯೆಂದರೆ, ಎಂಟನೆಯ ತಿಂಗಳಲ್ಲಿಯೇ ತಾಯಿಯ ಮೂಲಕ ಶಿಶುವಿಗೆ ಲಿಂಗಸಂಬಂಧ ಮಾಡುವ ಗರ್ಭಲಿಂಗಧಾರಣೆಯ ಪದ್ಧತಿಯನ್ನು ಹಿರಿಯರು ಇಟ್ಟರು. ಹುಟ್ಟುವ ಮೊದಲೇ ಆ ಜೀವ ಭಕ್ತನಾಯಿತು. ಹಾಗಾದರೆ ಅದನ್ನು ಹೊತ್ತ ತಾಯಿ ಏನಾದಳು? ನಡೆದಾಡುವ ಗುಡಿಯಾದಳು. ಗುಡಿಯನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ? ಮಳೆ ಸೋರದ ಹಾಗೆ, ದೀಪ ಆರದ ಹಾಗೆ, ನೈವೇದ್ಯ ತಪ್ಪದ ಹಾಗೆ ನೋಡಿಕೊಳ್ಳುತ್ತೇವೆ. ಈ ತಾಯಿಯನ್ನು ಹೇಗೆ ನೋಡಿಕೊಳ್ಳುತ್ತೇವೆ?

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಯ ನೀರು ಹರಿದ ಮೇಲೆ ಸಿರುಗುಪ್ಪದ ಸೀಮೆ ಭತ್ತದ ಸೀಮೆಯಾಯಿತು. ಒಳ್ಳೆಯದೇ ಆಯಿತು. ಆದರೆ ನಾಟಿಯ ಕಾಲದಲ್ಲಿ ಆ ಹಾದಿಯಲ್ಲಿ ಹೋಗುವಾಗ ನಾವು ಕಂಡದ್ದೇನು? ಏಳು ತಿಂಗಳ ಬಸುರಿ ಮೊಣಕಾಲುದ್ದದ ಕೆಸರಿನಲ್ಲಿ ದಿನವಿಡೀ ಬಗ್ಗಿ ಸಸಿ ನೆಡುತ್ತಿದ್ದಾಳೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಮನೆಗಳಲ್ಲಿ ಹೊಟ್ಟೆ ಮಷೀನಿಗೆ ತಾಗುವ ತನಕ ಕೂತು ಹೊಲಿಯುವ ಹೆಣ್ಣುಮಕ್ಕಳಿದ್ದಾರೆ. ಬಡತನ ಅವರನ್ನು ಅಲ್ಲಿ ಕೂಡಿಸಿದೆ, ಅದು ನಮಗೆ ಗೊತ್ತು. ಆದರೆ ಅದೇ ಮನೆಯಲ್ಲಿ ಒಂಬತ್ತನೆಯ ತಿಂಗಳಿಗೆ ಸಾಲ ಮಾಡಿ ಕುಬಸ ಮಾಡುತ್ತಾರೆ. ನೂರು ಮಂದಿಗೆ ಊಟ, ಹಸಿರು ಬಳೆ, ಹೂವಿನ ಜಡೆ, ಫೋಟೋ. ಉಡಿ ತುಂಬುವುದು ಬೇಡವೆಂದು ನಾವು ಹೇಳುವುದಿಲ್ಲ. ಉಡಿಯ ಜೊತೆಗೆ ಹೊಟ್ಟೆಯೂ ತುಂಬಲಿ ಎನ್ನುತ್ತೇವೆ. ಒಂದು ದಿನದ ಕುಬಸದ ದುಡ್ಡಿನಲ್ಲಿ ಮೂರು ತಿಂಗಳ ಹಾಲು, ಹೆಸರುಕಾಳು, ಸೊಪ್ಪು, ಶೇಂಗಾ, ಬೆಲ್ಲ ಬರುತ್ತವೆ.

ಬಸುರಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆ ಎಂದು ವೈದ್ಯರು ಹೇಳುತ್ತಾರೆ. ಸೊಸೆಯ ತಾಯಿಕಾರ್ಡಿನಲ್ಲಿ ಆ ಅಂಕಿ ಬರೆದಿರುತ್ತದೆ. ಅತ್ತೆಯಂದಿರೇ, ನಿಮ್ಮಲ್ಲಿ ಎಷ್ಟು ಜನ ಅದನ್ನು ಓದಿಸಿ ಕೇಳಿದ್ದೀರಿ? ಗಂಡಂದಿರೇ, ಹೊಲದ ಪಹಣಿಯನ್ನು ನಾಲ್ಕು ಸಲ ತಿರುವಿ ನೋಡುವ ನೀವು ಹೆಂಡತಿಯ ಕಾರ್ಡನ್ನು ಒಮ್ಮೆಯಾದರೂ ತಿರುವಿ ನೋಡಿದ್ದೀರಾ? ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ಎಷ್ಟೋ ಮನೆಗಳಲ್ಲಿ ಮಾಡದ ಗೂಡಿನಲ್ಲಿ ಹಾಗೆಯೇ ಉಳಿದಿರುತ್ತದೆ. ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ತಂದು ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಇಟ್ಟಿತು. 'ನಮ್ಮ ಮನೆತನದ ಸೊಸೆ ಅಲ್ಲಿ ಹೋಗಿ ಉಣ್ಣುವುದೇ?' ಎಂದು ತಡೆದ ಹಿರಿಯರೂ ಇದ್ದಾರೆ. ಪ್ರಸಾದಕ್ಕೆ ಪಂಕ್ತಿಭೇದವಿಲ್ಲವೆಂದು ಶರಣರು ಹೇಳಿ ಎಂಟುನೂರು ವರ್ಷಗಳ ಮೇಲಾಯಿತು. ಅನ್ನದಲ್ಲಿ ಮನೆತನ ಹುಡುಕುವವನು ಶರಣರ ಮಾತನ್ನು ಕಿವಿಯಲ್ಲಿ ಕೇಳಿದ್ದಾನೆ, ಹೊಟ್ಟೆಯಲ್ಲಿ ಇಟ್ಟುಕೊಂಡಿಲ್ಲ.

ಇನ್ನು ಹೆರಿಗೆಯಾದ ಮೇಲೆ. ನಮ್ಮ ಶರಣರು ಐದು ಸೂತಕಗಳನ್ನು ಅಲ್ಲಗಳೆದರು: ಜನನ ಸೂತಕ, ಮರಣ ಸೂತಕ, ರಜಸ್ಸಿನ ಸೂತಕ, ಎಂಜಲಿನ ಸೂತಕ, ಜಾತಿಯ ಸೂತಕ. ಕೊರಳಲ್ಲಿ ಲಿಂಗವಿರುವವರೆಗೆ ಮೈಲಿಗೆಯೆಂಬುದಿಲ್ಲ. ಆದರೆ ಲಿಂಗ ಕಟ್ಟಿಕೊಂಡವರ ಮನೆಯಲ್ಲಿಯೇ ಬಾಣಂತಿಯನ್ನು ಗಾಳಿ ಬೆಳಕಿಲ್ಲದ ಕತ್ತಲೆಯ ಕೋಣೆಯಲ್ಲಿ ಇಡುತ್ತಾರೆ. ನೀರು ಕುಡಿದರೆ ನಂಜು, ಸೊಪ್ಪು ತಿಂದರೆ ಶೀತ ಎಂದು ಬಾಯಿ ಕಟ್ಟುತ್ತಾರೆ. ಮೊದಲ ಮೂರು ದಿನದ ಗಟ್ಟಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿಗೆ ಸಕ್ಕರೆ ನೀರು ನೆಕ್ಕಿಸುತ್ತಾರೆ. ವೈದ್ಯರು ಹೇಳುವುದೇನು? ಹುಟ್ಟಿದ ಒಂದು ತಾಸಿನೊಳಗೆ ಆ ಗಟ್ಟಿ ಹಾಲನ್ನೇ ಕುಡಿಸಬೇಕು, ಕೂಸಿಗೆ ರೋಗ ತಡೆಯುವ ಶಕ್ತಿ ಅದರಲ್ಲಿದೆ, ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೆ ಏನೂ ಬೇಡ. ಶಿವನು ತಾಯಿಯ ಎದೆಯಲ್ಲಿ ಇಟ್ಟ ಮೊದಲ ಪ್ರಸಾದವನ್ನು ನೆಲಕ್ಕೆ ಚೆಲ್ಲಿ, ಆಮೇಲೆ ಕೂಸಿಗೆ ದೃಷ್ಟಿಯಾಯಿತೆಂದು ತಾಯಿತ ಕೇಳಲು ಮಠಕ್ಕೆ ಬಂದರೆ ನಾವೇನು ಕೊಡೋಣ?

ಶರಣ ಬಂಧುಗಳೇ, ಈಗ ಒಂದು ಕಹಿಯಾದ ಮಾತನ್ನು ಎತ್ತಬೇಕಾಗಿದೆ. ಎತ್ತದೆ ಇದ್ದರೆ ಈ ಪ್ರವಚನಕ್ಕೆ ಅರ್ಥವಿಲ್ಲ. 2024ರ ನವೆಂಬರ್ ತಿಂಗಳಲ್ಲಿ ನಮ್ಮ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಒಬ್ಬರಾದ ಮೇಲೆ ಒಬ್ಬರು ಹಾಸಿಗೆ ಹಿಡಿದರು. ಡಿಸೆಂಬರ್ ಮೊದಲ ವಾರ ಕಳೆಯುವಷ್ಟರಲ್ಲಿ ಐವರು ತಾಯಂದಿರು ಹೋದರು. ಅವರಿಗೆ ಏರಿಸಿದ ಸಲೈನಿನ ಗುಣಮಟ್ಟದ ಮೇಲೆಯೇ ಸಂಶಯ ಬಂದು ತನಿಖೆಯಾಯಿತು. ರಾಜ್ಯದ ಔಷಧ ನಿಯಂತ್ರಕರನ್ನು ಸರ್ಕಾರ ಅಮಾನತು ಮಾಡಿತು, ಸತ್ತವರ ಮನೆಗಳಿಗೆ ಪರಿಹಾರ ಘೋಷಿಸಿತು. 1961ರಲ್ಲಿಯೇ ವೈದ್ಯಕೀಯ ಕಾಲೇಜು ಕಂಡ ಊರು ನಮ್ಮದು. ಸುತ್ತಲಿನ ಹಳ್ಳಿಯವರಿಗೆಲ್ಲ 'ಬಳ್ಳಾರಿಗೆ ಒಯ್ದರೆ ಜೀವ ಉಳಿಯುತ್ತದೆ' ಎಂಬ ನಂಬಿಕೆಯಿದ್ದ ಊರು.

ಆ ದಿನಗಳಲ್ಲಿ ಮಠಕ್ಕೆ ಬಂದ ಭಕ್ತರ ಬಾಯಲ್ಲಿ ಎರಡು ಬಗೆಯ ಮಾತು ಕೇಳಿದೆವು. ಒಬ್ಬರು 'ಎಲ್ಲಾ ಹಣೆಬರಹ ಬುದ್ಧೀ, ಯಾರೇನು ಮಾಡೋಕಾಗ್ತದೆ?' ಎಂದರು. ಇನ್ನೊಬ್ಬರು 'ಇನ್ಮೇಲೆ ನಮ್ಮ ಹೆಣ್ಮಕ್ಕಳನ್ನ ದವಾಖಾನಿಗೆ ಕಳಿಸೋದಿಲ್ಲ, ಮನ್ಯಾಗೇ ಹೆರಿಗಿ ಮಾಡಿಸ್ತೀವಿ' ಎಂದರು. ಎರಡೂ ದುಃಖದಿಂದ ಬಂದ ಮಾತುಗಳೇ. ಆದರೆ ಎರಡೂ ತಪ್ಪು ದಾರಿಗೆ ಒಯ್ಯುತ್ತವೆ. ಮನುಷ್ಯರ ಎಚ್ಚರಗೇಡಿತನವನ್ನು ಶಿವನ ಬರಹವೆಂದು ಕರೆದರೆ ಶಿವನಿಗೆ ಅಪವಾದ ಹೊರಿಸಿದ ಹಾಗೆ. ಕಾಯಕವನ್ನು ಪೂಜೆಯೆಂದು ತಿಳಿದ ಧರ್ಮದಲ್ಲಿ ಔಷಧ ಮಾಡುವವನ ಕೈ, ಅದನ್ನು ಪರೀಕ್ಷಿಸುವವನ ಕಣ್ಣು, ಅದನ್ನು ಕೊಳ್ಳುವವನ ಲೆಕ್ಕ, ಎಲ್ಲವೂ ಪೂಜೆಯೇ. ಅಲ್ಲಿ ಶುಚಿ ತಪ್ಪಿದರೆ ಕೇಳುವುದು ನಮ್ಮ ಹಕ್ಕು, ನಮ್ಮ ಧರ್ಮವೂ ಹೌದು. ಹಾಗೆಂದು ಆಸ್ಪತ್ರೆಯನ್ನೇ ಬಿಟ್ಟರೆ? ಮನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋದ ತಾಯಂದಿರ ಹೆಸರು ನಿಮ್ಮ ನಿಮ್ಮ ಮನೆಯ ಅಜ್ಜಿಯರಿಗೆ ನೆನಪಿರುತ್ತದೆ, ಕೇಳಿ ನೋಡಿ. ಬಾವಿಯ ನೀರು ಕೆಟ್ಟರೆ ಬಾವಿಯನ್ನು ಮುಚ್ಚುವುದಿಲ್ಲ, ಸೇದಿ ಶುದ್ಧ ಮಾಡುತ್ತೇವೆ.

ಇನ್ನು ಉಳಿದ ಕೂಸುಗಳ ಮಾತು. ಎಲ್ಲಕ್ಕಿಂತ ಹೆಚ್ಚು ನಮ್ಮ ಮನಸ್ಸನ್ನು ಹಿಡಿದದ್ದು ಇದೇ. ಕೆಲವು ವರ್ಷಗಳ ಹಿಂದೆ ಸಿರುಗುಪ್ಪದ ಕಡೆಯ ಒಂದು ಹಳ್ಳಿಯಿಂದ ವಯಸ್ಸಾದ ತಾಯಿಯೊಬ್ಬಳು ನಲವತ್ತು ದಿನದ ಹೆಣ್ಣು ಕೂಸನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಹೆರಿಗೆಯಲ್ಲಿ ಮಗಳು ಹೋಗಿದ್ದಳು. ಕೂಸಿನ ತಂದೆಯ ಮನೆಯವರು ಕೂಸನ್ನು ನೋಡಲೂ ಬಂದಿರಲಿಲ್ಲ. ಆ ತಾಯಿ ಹೇಳಿದಳು: 'ಬುದ್ಧೀ, ಇದು ಅವ್ವನ್ನ ತಿಂದ್ಕಂಡು ಹುಟ್ಟೈತಂತ್ರೀ. ಊರಾಗ ಯಾರೂ ತೊಟ್ಟಿಲಿಗೆ ಹಾಕಾಕ ಬರವಲ್ಲರು. ನಾನು ಗಂಡನ್ನ ಕಳಕೊಂಡಾಕಿ, ನನ್ನ ಕೈಲೆ ಹಾಕಬಾರದಂತ.'

ನಾವು ಕೇಳಿದೆವು: 'ಅವ್ವಾ, ರಾತ್ರಿ ಇದು ಅತ್ತಾಗ ಯಾರು ಎತ್ತಿಕೊಳ್ಳುತ್ತಾರೆ?'

'ನಾನಾ ರೀ, ಮತ್ಯಾರದಾರ?'

'ಅತ್ತಾಗ ಎತ್ತಿಕೊಳ್ಳುವ ಕೈ ತೊಟ್ಟಿಲಿಗೆ ಹಾಕುವುದಕ್ಕೆ ಯಾಕೆ ಬರುವುದಿಲ್ಲ ತಾಯಿ?'

ಅಂದೇ ಮಠದಲ್ಲಿ ತೊಟ್ಟಿಲು ಕಟ್ಟಿಸಿದೆವು. ಕೂಸಿಗೆ ವಿಭೂತಿ ಹಚ್ಚಿ, ಲಿಂಗ ಕಟ್ಟಿ, ಅಜ್ಜಿಯ ಕೈಯಿಂದಲೇ ತೊಟ್ಟಿಲಿಗೆ ಹಾಕಿಸಿ, ಹೆಸರಿಡಿಸಿದೆವು. ದಾಸೋಹಕ್ಕೆ ಬಂದ ಹೆಣ್ಣುಮಕ್ಕಳೇ ಜೋಗುಳ ಹಾಡಿದರು. ಸಕ್ಕರೆ ಹಂಚಿದ್ದಾಯಿತು.

ತಾಯಿಯನ್ನು ತಿಂದ ಕೂಸೆಂದು ಹೇಳುವ ನಾಲಿಗೆಗಳಿಗೆ ನಾವು ಒಂದೇ ಮಾತು ಕೇಳುತ್ತೇವೆ. ಹರಿಹರ ಮಹಾಕವಿ ನಮ್ಮ ಸೀಮೆಯ ಹಂಪೆಯವನು. ಅವನು ಬರೆದ ಬಸವರಾಜದೇವರ ರಗಳೆಯನ್ನು ನೋಡಿ. ಅದರಲ್ಲಿ ಬಸವಣ್ಣ ಎಳವೆಯಲ್ಲಿಯೇ ತಂದೆ ತಾಯಿಗಳನ್ನು ಕಳೆದುಕೊಂಡು ಮುತ್ತವ್ವೆಯ ಆರೈಕೆಯಲ್ಲಿ ಬೆಳೆಯುತ್ತಾನೆ. ಅಂದು ಬಾಗೇವಾಡಿಯ ಜನ ಆ ಕೂಸನ್ನು ನತದೃಷ್ಟವೆಂದು ದೂರ ಇಟ್ಟಿದ್ದರೆ ಇಂದು ನಮ್ಮ ಕೊರಳಲ್ಲಿ ಲಿಂಗವೆಲ್ಲಿರುತ್ತಿತ್ತು? ಮುದುಕಿಯೊಬ್ಬಳ ಕೈ ಸಾಕಿದ ಕೂಸು ಕಲ್ಯಾಣವನ್ನು ಕಟ್ಟಿತು. ನಿಮ್ಮ ಓಣಿಯ ತಬ್ಬಲಿ ಕೂಸು ಏನು ಕಟ್ಟುತ್ತದೆಯೋ ಯಾರಿಗೆ ಗೊತ್ತು? ಪರಿಹಾರದ ಹಣ ಬಂದಾಗ ಕೂಸು ನಮ್ಮದೆಂದು ಎರಡೂ ಕಡೆಯವರು ಜಗ್ಗಾಡಿ, ಹಣ ಮುಗಿದ ಮೇಲೆ ಕೂಸು ನಿಮ್ಮದೆಂದು ಒಬ್ಬರ ಮೇಲೊಬ್ಬರು ಹಾಕುವುದು ಬೇಡ. ಆ ಹಣವನ್ನು ಕೂಸಿನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಇಡಿ.

ಕೊನೆಗೆ ಮರಣದ ಮಾತು. ಲಿಂಗಾಯತರಲ್ಲಿ ಸಾವಿಗೆ ಸಾವೆನ್ನುವುದಿಲ್ಲ, ಲಿಂಗೈಕ್ಯವೆನ್ನುತ್ತೇವೆ. ಕಾಯವನ್ನು ಮಜ್ಜನ ಮಾಡಿಸಿ, ವಿಭೂತಿ ಧರಿಸಿ, ಕುಳ್ಳಿರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಸಮಾಧಿ ಮಾಡುತ್ತೇವೆ. ಪೂಜೆಗೆ ಕೂತ ಭಕ್ತ ಪೂಜೆಯಲ್ಲಿಯೇ ಉಳಿದನೆಂಬ ಭಾವ ಅದು. ಸೂತಕವಿಲ್ಲ, ಪ್ರೇತವಿಲ್ಲ. ಇದನ್ನು ತಿಳಿದ ಕೆಲವರು ಅಳುವವರ ಮುಂದೆ ಹೋಗಿ 'ಅಳಬಾರದು, ಅತ್ತರೆ ಲಿಂಗೈಕ್ಯಕ್ಕೆ ಕೊರತೆ' ಎಂದು ಉಪದೇಶ ಮಾಡುತ್ತಾರೆ. ಶರಣರು ಸೂತಕವನ್ನು ಬೇಡವೆಂದರು, ದುಃಖವನ್ನು ಬೇಡವೆಂದರೇ? ಬಸವಣ್ಣನವರ ಮನೆಯಲ್ಲಿಯೂ ಬಾಲಸಂಗಯ್ಯನೆಂಬ ಕೂಸು ಎಳೆಯದರಲ್ಲಿಯೇ ಲಿಂಗೈಕ್ಯವಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಮಹಾಮನೆಯ ತೊಟ್ಟಿಲು ಬರಿದಾದ ದಿನ ಅಲ್ಲಿ ಯಾರ ಕಣ್ಣೂ ತೇವವಾಗಲಿಲ್ಲವೆಂದು ನಾವು ನಂಬಲಾರೆವು.

ನಮ್ಮ ಪೂರ್ವಾಶ್ರಮದ ತಾಯಿ ಲಿಂಗೈಕ್ಯರಾದ ಸುದ್ದಿ ಬಂದಾಗ ನಾವು ದಾಸೋಹದ ಪಂಕ್ತಿಯಲ್ಲಿ ಬಡಿಸುತ್ತಿದ್ದೆವು. ಪಂಕ್ತಿ ಮುಗಿಯುವ ತನಕ ಬಡಿಸಿದೆವು. ಆಮೇಲೆ ಪೂಜೆಗೆ ಕೂತಾಗ ಕಣ್ಣೀರು ಅಂಗೈಯ ಲಿಂಗದ ಮೇಲೆ ಬಿತ್ತು. ಒರೆಸಲಿಲ್ಲ. ಮಜ್ಜನಕ್ಕೆ ಅದೂ ನೀರೇ. ಕಾವಿ ಉಟ್ಟವರಿಗೇ ಹೀಗಾದ ಮೇಲೆ ಹತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡ ಗಂಡನಿಗೆ, ಹೊತ್ತು ಹೆತ್ತ ತಾಯಿಗೆ ಅಳಬೇಡವೆನ್ನುವ ಅಧಿಕಾರ ಯಾರಿಗಿದೆ? ಅಳುವವರ ಮುಂದೆ ಉಪದೇಶ ಬೇಡ. ಅವರ ಒಲೆ ಹೊತ್ತಿಸಿ. ಎರಡು ರೊಟ್ಟಿ ಬಡಿದು ಕೊಡಿ. ಮಕ್ಕಳನ್ನು ಶಾಲೆಗೆ ಕಳಿಸಿ. ದನಕ್ಕೆ ಮೇವು ಹಾಕಿ. ಹದಿನೈದು ದಿನ ಎಲ್ಲರೂ ಬರುತ್ತಾರೆ. ಮೂರನೆಯ ತಿಂಗಳಿಗೆ ಯಾರೂ ಬರುವುದಿಲ್ಲ. ನೀವು ಆ ಮೂರನೆಯ ತಿಂಗಳಿಗೆ ಹೋಗಿ.

ಆದ್ದರಿಂದ ಶರಣ ಬಂಧುಗಳೇ, ಇಲ್ಲಿಂದ ಎದ್ದು ಹೋಗುವಾಗ ಮೂರು ಸಂಕಲ್ಪಗಳನ್ನು ಕಟ್ಟಿಕೊಂಡು ಹೋಗಿರಿ. ಒಂದು, ನಿಮ್ಮ ಮನೆಯ ಬಸುರಿಗೆ ಅನ್ನ, ವಿಶ್ರಾಂತಿ, ಔಷಧ ತಪ್ಪದಂತೆ ನೋಡಿಕೊಳ್ಳುವುದು, ಹೆರಿಗೆಯ ನೋವು ಕಂಡೊಡನೆ ಮುಹೂರ್ತ ನೋಡದೆ 108ಕ್ಕೆ ಕರೆ ಮಾಡುವುದು. ಎರಡು, ತಾಯಿ ಇಲ್ಲದ ಕೂಸಿಗೆ, ಗಂಡನಿಲ್ಲದ ಹೆಣ್ಣಿಗೆ ಅಪಶಕುನದ ಹೆಸರು ಇಡದಿರುವುದು, ನಿಮ್ಮ ಮನೆಯ ಮುಂದಿನ ತೊಟ್ಟಿಲ ಶಾಸ್ತ್ರಕ್ಕೆ ಅಂಥ ಒಬ್ಬ ತಾಯಿಯನ್ನು ಮೊದಲು ಕರೆಯುವುದು. ಮೂರು, ಸತ್ತವರ ಮನೆಗೆ ಮಾತಿಗಿಂತ ಮೊದಲು ಕೈ ತೆಗೆದುಕೊಂಡು ಹೋಗುವುದು.

ಕುರುಗೋಡಿನಲ್ಲಿ ಒಂದೇ ಕಲ್ಲಿನ ದೊಡ್ಡಬಸವ ಎಷ್ಟೋ ತಲೆಮಾರುಗಳಿಂದ ಕೂತಿದ್ದಾನೆ. ಅವನ ಮುಂದೆ ಕೂಸನ್ನು ಮಲಗಿಸಿ ಹರಕೆ ತೀರಿಸಿದವರೂ ಹೋದರು, ಆ ಕೂಸುಗಳೂ ಮುದುಕರಾಗಿ ಹೋದರು, ಅವರ ಮೊಮ್ಮಕ್ಕಳು ಇಂದು ಅದೇ ಜಾಗದಲ್ಲಿ ಕಾಯಿ ಒಡೆಸುತ್ತಾರೆ. ಬರುವುದೂ ಹೋಗುವುದೂ ನಮ್ಮ ಕೈಯಲ್ಲಿಲ್ಲ. ಬಂದವರನ್ನು ಎತ್ತಿಕೊಳ್ಳುವುದು, ಹೋದವರ ಮನೆಯನ್ನು ನೋಡಿಕೊಳ್ಳುವುದು, ಈ ಎರಡು ನಮ್ಮ ಕೈಯಲ್ಲಿವೆ. ಅದನ್ನು ಮಾಡುವ ಬುದ್ಧಿಯನ್ನು ಗುರು ಬಸವಣ್ಣನು ನಿಮಗೆಲ್ಲ ಕೊಡಲಿ, ನಿಮ್ಮ ಮನೆಗಳ ಬಸುರಿ ಬಾಣಂತಿಯರು ತಣ್ಣಗಿರಲಿ, ಅಗಲಿದವರ ನೆನಪು ನಿಮ್ಮ ಮನೆಯಲ್ಲಿ ದೀಪವಾಗಿ ಉಳಿಯಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.