ಬೆಳೆದ ಮಕ್ಕಳೊಡನೆ ನಾಲ್ಕು ದಿನ: ಯಾವ ಪಟ್ಟಣಕ್ಕೆ ಹೋಗೋಣ?

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಉಪದೇಶ ಮಾಡುವಷ್ಟು ಪಾಂಡಿತ್ಯ ನಮಗಿಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವ ಕಾರಕೂನರು ನಾವು. ಸಂಜೆ ಈ ವಾಚನಾಲಯದ ಬಾಗಿಲು ತೆರೆದು, ಪತ್ರಿಕೆಗಳನ್ನು ಹೊಂದಿಸಿಡುವುದಷ್ಟೇ ನಮ್ಮ ಸೇವೆ. ಹಾಗೆ ಕುಳಿತಿರುವಾಗ, ದೀಪಾವಳಿಯ ರಜೆ ಹತ್ತಿರ ಬಂತೆಂದರೆ, ಓದಲು ಬರುವ ಬಂಧುಗಳ ಬಾಯಲ್ಲಿ ಒಂದೇ ಮಾತು ಕೇಳಿಬರುತ್ತದೆ: "ಹುಡುಗರು ಊರಿಗೆ ಬರಲೊಲ್ಲೆವು ಅನ್ನುತ್ತಾರೆ. ಈ ಸಲ ಎಲ್ಲಿಗೆ ಕರಕೊಂಡು ಹೋಗೋಣ?" ಈ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದಿಟ್ಟು, ನಮಗೆ ತೋಚಿದ ನಾಲ್ಕು ಮಾತು ಹೇಳುತ್ತೇವೆ.

ಮಕ್ಕಳು ಚಿಕ್ಕವರಿದ್ದಾಗ ಈ ಪ್ರಶ್ನೆಯೇ ಏಳುವುದಿಲ್ಲ. ಕಂಕುಳಲ್ಲಿ ಎತ್ತಿಕೊಂಡರೆ ಜಾತ್ರೆ, ಕೈಹಿಡಿದರೆ ಮದುವೆ. ಹದಿಮೂರು ದಾಟಿದ ಮೇಲೆ ಮಾತು ಬೇರೆ. ಊರಿಗೆ ಕರೆದೊಯ್ದರೆ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಮೊಬೈಲು ಹಿಡಿದು ಕೂಡುತ್ತಾರೆ. ಇನ್ನು ಬಸ್ಸು ಮಾಡಿಕೊಂಡು ಮೂರು ದಿನಕ್ಕೆ ಏಳು ಕ್ಷೇತ್ರ ಸುತ್ತುವ ಪ್ರವಾಸವುಂಟು. ಅದರಲ್ಲಿ ಹಿರಿಯರಿಗೆ ಪುಣ್ಯ ಬರಬಹುದು; ಹುಡುಗರಿಗೆ ನಿದ್ದೆ ಬರುತ್ತದೆ. ಊರು ಬೇಡ, ದೇವರು ಬೇಡ ಎಂದು ನಾವು ಹೇಳುತ್ತಿಲ್ಲ. ಈ ವಯಸ್ಸಿಗೆ ಮೂರನೆಯ ಬಗೆಯ ಪ್ರಯಾಣವೊಂದು ಬೇಕು ಎಂಬುದು ನಮ್ಮ ವಾದ.

ಅದು ಯಾವುದು? ಯುರೋಪಿನ ಮಧ್ಯಮವರ್ಗದ ಅನೇಕ ಸಂಸಾರಗಳಲ್ಲಿ ಒಂದು ರೂಢಿಯಿದೆ. ದೊಡ್ಡ ರಜೆಯನ್ನು ಕಾಯದೆ, ಮೂರು ನಾಲ್ಕು ದಿನ ಬಿಡುವು ಮಾಡಿಕೊಂಡು, ಒಂದೇ ಒಂದು ಪಟ್ಟಣವನ್ನು ಆರಿಸಿ, ಅಲ್ಲಿಯೇ ತಂಗಿ, ಕಾಲ್ನಡಿಗೆಯಲ್ಲಿ ನೋಡಿಬರುತ್ತಾರೆ. ಬೆಳೆದ ಮಕ್ಕಳಿದ್ದವರು ಮಕ್ಕಳ ಕಾಲಿಗೆ ಕೆಲಸವಿರುವ ಊರನ್ನು ಹುಡುಕುತ್ತಾರೆ. ಪ್ಯಾರಿಸಿನಲ್ಲಿ 1889ರಲ್ಲಿ ಕಟ್ಟಿದ ಐಫೆಲ್ ಗೋಪುರದ ಎರಡನೆಯ ಅಂತಸ್ತಿಗೆ 674 ಮೆಟ್ಟಿಲು ಹತ್ತಿ ಹೋಗಬಹುದು. ಇಟಲಿಯ ಫ್ಲಾರೆನ್ಸಿನಲ್ಲಿ 1436ರಲ್ಲಿ ಮುಗಿದ ಮಹಾಗುಮ್ಮಟದ ತುದಿಗೆ 463 ಮೆಟ್ಟಿಲು. ಹದಿನಾಲ್ಕರ ಹುಡುಗನಿಗೆ ಇತಿಹಾಸಕ್ಕಿಂತ ಮೊದಲು ಮೆಟ್ಟಿಲು ಬೇಕು. ಹತ್ತಿದ ಮೇಲೆ ಇತಿಹಾಸ ತಾನಾಗಿ ಬರುತ್ತದೆ.

"ಹಾಗಾದರೆ ನಾವೂ ಪ್ಯಾರಿಸಿಗೆ ಹೋಗೋಣವೇ?" ಎಂದು ಯಾರಾದರೂ ನಕ್ಕಾರು. ಹೋಗಬಲ್ಲವರು ಹೋಗಲಿ, ಸಂತೋಷ. ಆದರೆ ಲೆಕ್ಕ ಬರೆಯುವವರಾದ್ದರಿಂದ ಒಂದು ಲೆಕ್ಕ ಹೇಳುತ್ತೇವೆ. ಆ ಕಡೆಯ ಬಹುಪಾಲು ದೇಶಗಳಿಗೆ ಒಂದೇ ವೀಸಾ. 2024ರ ಜೂನ್‌ನಲ್ಲಿ ಅದರ ಅರ್ಜಿಯ ಶುಲ್ಕವನ್ನು 90 ಯೂರೋಗೆ ಏರಿಸಿದರು. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಅರ್ಧ. ಹನ್ನೆರಡು ತುಂಬಿತೆಂದರೆ ಪೂರ್ತಿ. ತಂದೆ, ತಾಯಿ, ಬೆಳೆದ ಇಬ್ಬರು ಮಕ್ಕಳೆಂದರೆ 360 ಯೂರೋ. ವಿಮಾನದ ಮೆಟ್ಟಿಲು ಹತ್ತುವ ಮೊದಲೇ ಹೋಗುವ ಹಣ. ವೀಸಾ ಸಿಗದಿದ್ದರೂ ಅದು ಮರಳಿ ಬಾರದು. ಆದಕಾರಣ ಆ ಜನರ ಊರನ್ನು ಬಿಟ್ಟು, ಅವರ ಪದ್ಧತಿಯನ್ನು ತೆಗೆದುಕೊಳ್ಳೋಣ: ಒಂದೇ ಪಟ್ಟಣ, ನಾಲ್ಕೇ ದಿನ, ನಡೆದು ನೋಡುವುದು.

ಪಟ್ಟಣವನ್ನು ಆರಿಸಲು ಮೂರು ಪರೀಕ್ಷೆಗಳನ್ನು ಇಟ್ಟುಕೊಳ್ಳಬಹುದು. ಒಂದು, ದಿವಾದಿಂದ ಒಂದು ರಾತ್ರಿಯ ಪ್ರಯಾಣದಲ್ಲಿ ಮುಟ್ಟುವಂತಿರಬೇಕು. ಹಗಲೆಲ್ಲ ಗಾಡಿಯಲ್ಲೇ ಕಳೆದರೆ ನಾಲ್ಕು ದಿನ ಎರಡಾಗುತ್ತದೆ. ಎರಡು, ಹುಡುಗರು ಹತ್ತಿ, ಇಳಿದು, ತಾವೇ ದಾರಿ ಹುಡುಕಿ ತಿರುಗುವಂತಿರಬೇಕು. ಮೂರು, ಅದು ಕನ್ನಡ ನಾಡಿನ ಊರಾಗಿರಬೇಕು. ಆದರೆ ನಮ್ಮ ಸ್ವಂತ ಊರಾಗಿರಬಾರದು. ಈ ಮೂರನೆಯದರ ಕಾರಣವನ್ನು ಕೊನೆಗೆ ಹೇಳುತ್ತೇವೆ.

ಈಗ ಒಂದೊಂದೇ ಊರನ್ನು ಈ ಪರೀಕ್ಷೆಗೆ ಒಡ್ಡಿ ನೋಡೋಣ.

ಮೈಸೂರು ಎಲ್ಲರ ಬಾಯಲ್ಲಿ ಮೊದಲು ಬರುವ ಹೆಸರು. ಹಳೆಯ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿಯ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆ ಅಲ್ಲಿದೆ. ರವಿವಾರ ಸಂಜೆ ಅದಕ್ಕೆ ದೀಪ ಹಚ್ಚುತ್ತಾರೆ. 1892ರ ಮೃಗಾಲಯವಿದೆ, ಮಂಗಳವಾರ ಅದಕ್ಕೆ ರಜೆ ಎಂಬುದನ್ನು ನೆನಪಿಡಬೇಕು. ಆದರೆ ಇಲ್ಲಿಂದ ಹೋಗಲು ಸರಿಸುಮಾರು ಇಡೀ ಒಂದು ದಿನ, ಬರಲು ಇನ್ನೊಂದು ದಿನ. ಆರು ದಿನ ರಜೆ ಸಿಕ್ಕವರಿಗೆ ಅದು ಉತ್ತಮ.

ಬೆಂಗಳೂರಿಗೂ ಇದೇ ಮಾತು. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಸಿಗುತ್ತದೆ, ದಾರಿ ಉದ್ದ. ಆದರೂ ಹತ್ತನೆಯದನ್ನೋ ಹನ್ನೆರಡನೆಯದನ್ನೋ ಮುಗಿಸಿ, ಮುಂದೇನು ಓದಬೇಕೆಂದು ತಿಳಿಯದೆ ಕುಳಿತ ಮಗನೋ ಮಗಳೋ ಇದ್ದರೆ, 1965ರಲ್ಲಿ ತೆರೆದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಅರ್ಧ ದಿನ ಬಿಟ್ಟುಬಿಡಿ. ಯಂತ್ರವನ್ನು ಕೈಯಿಂದ ತಿರುಗಿಸಿ ನೋಡಿದ ಹುಡುಗ ಪುಸ್ತಕವನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ.

ಮಂಗಳೂರು ನಮಗೆ ಒಂದು ಬಗೆಯ ನೆರೆಮನೆ. ಕೊಂಕಣದ ಗಾಡಿಗಳು ನಮ್ಮ ದಿವಾದಲ್ಲಿಯೇ ಪನವೇಲಿನ ಕಡೆಗೆ ಹೊರಳುತ್ತವೆ; ದಿನಾಲೂ ಅವುಗಳ ಸದ್ದು ಕೇಳುತ್ತೇವೆ. ಮತ್ಸ್ಯಗಂಧಾ ಗಾಡಿಯನ್ನು ಠಾಣೆಯಲ್ಲಿ ಮಧ್ಯಾಹ್ನದ ಮೇಲೆ ಹತ್ತಿದರೆ ಮರುದಿನ ಬೆಳಿಗ್ಗೆ ಮಂಗಳೂರು. ಸಮುದ್ರದ ದಂಡೆಯುಂಟು. ಸೇಂಟ್ ಅಲೋಷಿಯಸ್ ಕಾಲೇಜಿನ ಚಾಪೆಲ್ಲಿನಲ್ಲಿ ಅಂತೋನಿಯೊ ಮೊಸ್ಕೇನಿ ಎಂಬ ಇಟಲಿಯ ಚಿತ್ರಕಾರ 1900ರ ಸುಮಾರಿಗೆ ಗೋಡೆ-ಚಾವಣಿಗಳ ತುಂಬ ಬರೆದ ಚಿತ್ರಗಳುಂಟು. ಪಿಲಿಕುಳದಲ್ಲಿ 2018ರಲ್ಲಿ ತೆರೆದ ತಾರಾಲಯವುಂಟು. ನವೆಂಬರ್ ಮುಗಿಯುವ ಹೊತ್ತಿಗೆ ಹೋದರೆ ರಾತ್ರಿ ಯಕ್ಷಗಾನದ ಆಟವೂ ಸಿಕ್ಕೀತು. ಚಿತ್ರ, ನಕ್ಷತ್ರ, ವೇಷ ಎಂದು ಆಸೆಪಡುವ ಮಕ್ಕಳಿದ್ದವರಿಗೆ ಇದನ್ನೇ ಹೇಳುತ್ತೇವೆ. ಮಳೆಗಾಲದಲ್ಲಿ ಮಾತ್ರ ಬೇಡ.

ಇನ್ನು ನಾವು ಎಲ್ಲಕ್ಕೂ ಮೊದಲಿಡುವ ಊರು ವಿಜಯಪುರ. 2014ರ ನವೆಂಬರ್ 1ರವರೆಗೆ ಅದಕ್ಕೆ ಬಿಜಾಪುರವೆಂದೇ ಹೆಸರು. ನಮ್ಮ ಬಾಯಲ್ಲಿ ಇನ್ನೂ ಹಾಗೆಯೇ ಬರುತ್ತದೆ. ಮುಂಬಯಿಯಿಂದ ಸೊಲ್ಲಾಪುರ, ವಿಜಯಪುರ, ಬಾದಾಮಿ, ಗದಗಿನ ಮೇಲೆ ಹೊಸಪೇಟೆಗೆ ಹೋಗುವ ರಾತ್ರಿಯ ಗಾಡಿಯನ್ನು ಕಲ್ಯಾಣದಲ್ಲಿ ಹತ್ತಿದರೆ ಮರುದಿನ ಮುಂಜಾನೆ ಇಳಿಯಬಹುದು. ಸ್ಟೇಷನ್ನಿನಿಂದ ಹೊರಬಂದು ತುಸು ನಡೆದರೆ ಗೋಲಗುಮ್ಮಟ.

ಇದು ಮುಹಮ್ಮದ್ ಆದಿಲ್‌ಶಾಹನ ಗೋರಿ. ಅವನು ತೀರಿಕೊಂಡದ್ದು 1656ರಲ್ಲಿ. ಒಳಗಿನ ಅಡ್ಡಳತೆ ಸುಮಾರು 38 ಮೀಟರು; ನಡುವೆ ಒಂದೂ ಕಂಬವಿಲ್ಲ. ಜಗತ್ಪ್ರಸಿದ್ಧವಾದ ರೋಮಿನ ಸೇಂಟ್ ಪೀಟರ್ ಗುಮ್ಮಟ ಇದಕ್ಕಿಂತ ಮೂರು ನಾಲ್ಕು ಮೀಟರು ಮಾತ್ರ ಅಗಲ. ಇಷ್ಟು ಭಾರ ಯಾವುದರ ಮೇಲೆ ನಿಂತಿದೆ? ಮಕ್ಕಳಿಗೆ ತಲೆಯೆತ್ತಿ ನೋಡಲು ಹೇಳಿರಿ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಕೆಳಗಿನ ಚೌಕವನ್ನು ಮೇಲೆ ದುಂಡಾಗಿಸಿ ಗುಮ್ಮಟವನ್ನು ಹೊತ್ತಿವೆ. ಭೂಮಿತಿಯ ಪುಸ್ತಕದಲ್ಲಿ ಅರ್ಥವಾಗದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಹೋದರೆ, ಈ ಬದಿಯಲ್ಲಿ ಪಿಸುಗುಟ್ಟಿದ್ದು ಆ ಬದಿಗೆ ಕೇಳುತ್ತದೆ. ಬಾಗಿಲು ತೆರೆದ ಕೂಡಲೇ ಹೋಗಬೇಕು. ಹೊತ್ತೇರಿದರೆ ಪಿಸುಮಾತಿಗೆ ಬದಲಾಗಿ ಜನರ ಕೂಗೇ ಕೇಳುತ್ತದೆ. ಎದುರಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟಿಕೆಟ್ಟಿಲ್ಲ.

ಎರಡನೆಯ ದಿನ ಊರಿನ ಪಡುವಣ ಬದಿ. ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕುಳಿತಿದೆ. ಸುಮಾರು 55 ಟನ್ ತೂಕ. 1549ರಲ್ಲಿ ಅದನ್ನು ಎರಕ ಹೊಯ್ದದ್ದು ಅಹಮದನಗರದಲ್ಲಿ, ಅಂದರೆ ಇಂದಿನ ಅಹಿಲ್ಯಾನಗರದಲ್ಲಿ. ಮಹಾರಾಷ್ಟ್ರದ ಶಾಲೆಯಲ್ಲಿ ಕಲಿಯುವ ನಮ್ಮ ಮಕ್ಕಳಿಗೆ ಆ ಊರಿನ ಹೆಸರು ಗೊತ್ತು. ಎರಡು ನಾಡುಗಳ ನಂಟು ಅಲ್ಲಿಯೇ ತಿಳಿಯುತ್ತದೆ. ಸಮೀಪದಲ್ಲಿಯೇ ಹತ್ತಿ ನೋಡಲು ಉಪ್ಪಲಿ ಬುರುಜು. ಆಚೆ ಇಬ್ರಾಹಿಂ ರೋಜಾ. ಅಲ್ಲಿ ಮಲಗಿರುವ ಎರಡನೆಯ ಇಬ್ರಾಹಿಮನು ದಖನಿ ಭಾಷೆಯಲ್ಲಿ ಹಾಡುಗಳ ಪುಸ್ತಕ ಬರೆದು, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ ಸುಲ್ತಾನ. ಒಂದು ಖೋಲಿಯಲ್ಲಿ ಕನ್ನಡ, ಪಕ್ಕದಲ್ಲಿ ಮರಾಠಿ, ಎದುರಿಗೆ ಹಿಂದಿ-ಉರ್ದು ಕೇಳುತ್ತ ಬೆಳೆದ ದಿವಾದ ಮಕ್ಕಳಿಗೆ ಇಂಥ ಅರಸನನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗದು. ಸಂಜೆ, ಮುಗಿಯದೆ ನಿಂತುಹೋದ ಬಾರಾ ಕಮಾನು. ಊಟಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹುಡುಗರು ಒಂದು ಹೊತ್ತು ಪಿಜ್ಜಾ ಕೇಳಿದರೆ ಕೊಡಿಸಿಬಿಡಿ. ಅದಕ್ಕಾಗಿ ಜಗಳ ಬೇಡ.

ಇಲ್ಲಿ ಒಂದು ಎಚ್ಚರಿಕೆ. ಬಸವನ ಬಾಗೇವಾಡಿ ಹತ್ತಿರ, ಆಲಮಟ್ಟಿ ಹತ್ತಿರ, ಕೂಡಲಸಂಗಮ ಹತ್ತಿರ, ಅದೇ ಗಾಡಿಯಲ್ಲಿ ಬಾದಾಮಿ, ಹಂಪಿ ಎಂದು ಪಟ್ಟಿ ಬೆಳೆಸಬೇಡಿ. ಹಂಪಿ ಸಾಮಾನ್ಯವಲ್ಲ, 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ ಪಾಯೆಸ್ ಅದನ್ನು ರೋಮಿನಷ್ಟು ದೊಡ್ಡ ನಗರವೆಂದು ಕಂಡ. ಆದಕಾರಣವೇ ಅದಕ್ಕೆ ಬೇರೆ ವರ್ಷ, ಬೇರೆ ನಾಲ್ಕು ದಿನ ಇಡಬೇಕು. ಹಾಗೆಯೇ ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು ಹುಡುಗರನ್ನು ಖೋಲಿಯಿಂದ ಹೊರಗೆ ಬಿಡದು. ದೀಪಾವಳಿಯ ರಜೆ ತಕ್ಕದ್ದು.

ಊರಿನ ಮಾತಾಯಿತು. ಆರಿಸುವವರು ಯಾರು? ಇದೇ ಮುಖ್ಯ. ಅಪ್ಪ ಆರಿಸಿದ ಊರಿನಲ್ಲಿ ಮಕ್ಕಳು ಲಗೇಜಿನ ಹಾಗೆ ಬರುತ್ತಾರೆ; ತಾವು ಆರಿಸಿದ ಊರಿನಲ್ಲಿ ದಾರಿ ತೋರಿಸುತ್ತಾರೆ. ಎರಡು ಮೂರು ಊರುಗಳ ಹೆಸರನ್ನು ಹಿರಿಯರು ಮುಂದಿಡಿ. ಕೊನೆಯ ತೀರ್ಮಾನ ಮಕ್ಕಳದಾಗಲಿ. ಆ ಮೊಬೈಲಿನಲ್ಲಿಯೇ ಗಾಡಿಯ ವೇಳೆ, ಲಾಡ್ಜಿನ ಬಾಡಿಗೆ ಹುಡುಕುವ ಕೆಲಸ ಅವರಿಗೆ ಕೊಡಿ. 2024ರ ನವೆಂಬರಿನಿಂದ ರೈಲಿನ ಸೀಟು 60 ದಿನ ಮೊದಲು ಕಾಯ್ದಿರಿಸಬಹುದು. ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಮಗಳ ಕೆಲಸ, ದಿನದ ಖರ್ಚು ಬರೆಯುವುದು ಮಗನ ಕೆಲಸ. ಮಗನಿಗೆ ಕೊಟ್ಟ ಸ್ವಾತಂತ್ರ್ಯವನ್ನು ಮಗಳಿಗೂ ಕೊಡಬೇಕು. ಊರಿನಲ್ಲಿ ಒಂದು ಮಧ್ಯಾಹ್ನ ಅಣ್ಣ-ತಂಗಿ ಇಬ್ಬರೇ ಮಾರುಕಟ್ಟೆಗೆ ಹೋಗಿಬರಲಿ.

ತಾಯಂದಿರ ಮಾತನ್ನೂ ಮರೆಯಬಾರದು. ಮುಂಜಾನೆ ನಾಲ್ಕಕ್ಕೆದ್ದು ಡಬ್ಬ ಕಟ್ಟುವವಳು ಆ ನಾಲ್ಕು ದಿನವೂ ಸ್ಟೋವು ಹಚ್ಚಿದರೆ ಅವಳಿಗೆ ಯಾವ ರಜೆ? ಬಂಧುಗಳ ಮನೆಯಲ್ಲಿ ಇಳಿದರೂ ಅಷ್ಟೇ. ಅಲ್ಲಿಯ ಅಡುಗೆಮನೆ ಅವಳಿಗಾಗಿ ಕಾದಿರುತ್ತದೆ. ಎರಡು ರಾತ್ರಿ ಸಾಧಾರಣ ಲಾಡ್ಜಿನಲ್ಲಿ ಇರುವುದು ದುಂದುವೆಚ್ಚವಲ್ಲ. ಹಣದ ದಾರಿ ಒಂದೇ: ದೀಪಾವಳಿ ಮುಗಿದ ತಿಂಗಳಿನಿಂದಲೇ ಪಗಾರದಲ್ಲಿ ಒಂದು ಪಾಲು ಎತ್ತಿಡುವುದು. ತಿಂಗಳಿಗೆ ಸಾವಿರ ಆದರೆ ಹತ್ತು ತಿಂಗಳಿಗೆ ಹತ್ತು ಸಾವಿರ. ಅಷ್ಟಾಗದಿದ್ದರೆ ಎರಡು ವರ್ಷಕ್ಕೊಮ್ಮೆ ಹೋಗೋಣ. ಸಾಲ ಮಾಡಿ ಮಾತ್ರ ಬೇಡ.

ಈಗ ಆ ಮೂರನೆಯ ಪರೀಕ್ಷೆಯ ಕಾರಣ. ನಮ್ಮಲ್ಲಿ ಬಹಳ ಜನ ಈ ಕಡೆಗೆ ಬಂದದ್ದು ಮಳೆ ಕೈಕೊಟ್ಟು, ಹೊಲ ಒಣಗಿ, ಹೊಟ್ಟೆಪಾಡಿಗಾಗಿ. ಆ ಕಷ್ಟದ ಕಥೆಯನ್ನೇ ಮಕ್ಕಳು ಕೇಳುತ್ತ ಬೆಳೆದಿದ್ದಾರೆ. ಅವರ ಎಣಿಕೆಯಲ್ಲಿ ಕನ್ನಡ ನಾಡೆಂದರೆ ಅಪ್ಪ ಬಿಟ್ಟು ಬಂದ ಬಡತನ. ಕನ್ನಡವೆಂದರೆ ಅಡುಗೆಮನೆಯ ಮಾತು. ಲೋಕಲ್ ಗಾಡಿಯಲ್ಲಿ ಅವ್ವ ಗಟ್ಟಿಯಾಗಿ ಕನ್ನಡ ಮಾತಾಡಿದರೆ ಮೋರೆ ತಿರುಗಿಸುವ ಹುಡುಗರನ್ನು ನಾವೆಲ್ಲ ಕಂಡಿದ್ದೇವೆ. ಅವರನ್ನು ಬೈದು ಫಲವಿಲ್ಲ. ನಾವು ತೋರಿಸಿದ್ದಷ್ಟನ್ನೇ ಅವರು ಕಂಡಿದ್ದಾರೆ. ರೋಮಿನ ಜೊತೆ ಹೆಸರು ಹೇಳಬಹುದಾದ ಗುಮ್ಮಟ ಅದೇ ನೆಲದ ಮೇಲಿದೆ, ಅದರ ಎದುರಿನ ಬಸ್ಸಿನ ಬೋರ್ಡು ಅವ್ವನ ಭಾಷೆಯಲ್ಲಿದೆ ಎಂಬುದನ್ನು ಅವರು ಕಣ್ಣಾರೆ ನೋಡಲಿ. ಆ ಬೋರ್ಡನ್ನು ಓದಲು ಹೋಗುವ ಮೊದಲೇ ಅಕ್ಷರ ಕಲಿಯುವ ಮನಸ್ಸಾದರೆ ಇನ್ನೂ ಒಳ್ಳೆಯದು.

ಒಂದು ಗುಮ್ಮಟ ನೋಡಿದ ಮಾತ್ರಕ್ಕೆ ಮಗ ಪಂಡಿತನಾಗುವುದಿಲ್ಲ, ನಮಗೆ ಗೊತ್ತು. ಆದರೆ ಹದಿಮೂರರಿಂದ ಹದಿನೇಳರವರೆಗೆ ಇರುವುದು ನಾಲ್ಕೇ ದೀಪಾವಳಿ. ಆಮೇಲೆ ಕಾಲೇಜು, ನೌಕರಿ, ಪಾಳಿ. ಕರೆದರೂ ಅವರಿಗೆ ಬಿಡುವಿರದು. ಆ ನಾಲ್ಕರಲ್ಲಿ ಒಂದನ್ನಾದರೂ ಅವರ ಜೊತೆ ಒಂದು ಊರಿನ ಬೀದಿಯಲ್ಲಿ ನಡೆದು ಕಳೆಯೋಣ.

ಬರುವ ರವಿವಾರ ಮಕ್ಕಳನ್ನೂ ಕರೆದುಕೊಂಡು ವಾಚನಾಲಯಕ್ಕೆ ಬನ್ನಿರಿ. ನಕ್ಷೆ ಹರಡಿಕೊಂಡು ಒಟ್ಟಿಗೆ ಕೂಡೋಣ. ಬೆರಳಿಟ್ಟು ಊರು ತೋರಿಸುವವರು ಅವರೇ ಆಗಲಿ.